ಹಡಗು ಹತ್ತುವ ಮುನ್ನ

ದೇವದುರ್ಗದ ಮಗ್ಗುಲಿಗೆ ಕೃಷ್ಣೆ, ಮಾನ್ವಿಯ ಮಗ್ಗುಲಿಗೆ ತುಂಗಭದ್ರೆ, ನಡುವೆ ರಾಯಚೂರಿನ ಕೋಟೆ. ಶಾಸನಗಳು ಎಡೆದೊರೆ ನಾಡೆಂದು ಹೆಸರಿಸಿದ, ತರುವಾಯದ ದಫ್ತರಗಳು ದೋಆಬವೆಂದು ಬರೆದುಕೊಂಡ ಈ ನೆಲದ ಹಣೆಬರಹವನ್ನು ತಿದ್ದಿದವರಲ್ಲಿ ದಿಲ್ಲಿಯ ಸುಲ್ತಾನನೊಬ್ಬನಿದ್ದನೆಂಬುದನ್ನು ಇಲ್ಲಿಯ ಜನರು ಶಾಲೆಯ ಪಾಠದಲ್ಲಿ ಓದಿ ಮರೆತಿರುತ್ತಾರೆ. ಮುಹಮ್ಮದ ಬಿನ್ ತುಘಲಕನು 1327ರಲ್ಲಿ ತನ್ನ ರಾಜಧಾನಿಯನ್ನು ದೇವಗಿರಿಗೆ ಸಾಗಿಸಿ ಅದನ್ನು ದೌಲತಾಬಾದೆಂದು ಕರೆದನು. ದಖ್ಖನಿನಲ್ಲಿದ್ದ ಅಮೀರರು ಅವನ ಮೇಲೆಯೇ ದಂಗೆಯೆದ್ದು 1347ರಲ್ಲಿ ಬಹಮನಿ ರಾಜ್ಯವನ್ನು ಕಟ್ಟಿದರು. ಆ ರಾಜ್ಯಕ್ಕೂ, ಅದು ಒಡೆದ ಮೇಲೆ ವಿಜಾಪುರಕ್ಕೂ, ವಿಜಯನಗರದೊಡನೆ ಎರಡು ಶತಮಾನಗಳ ಕಾಲ ಹಗ್ಗಜಗ್ಗಾಟ ನಡೆದದ್ದು ಬಹುಮಟ್ಟಿಗೆ ಈ ಎರಡು ಹೊಳೆಗಳ ನಡುವಿನ ಮಣ್ಣಿಗಾಗಿ. ಆದುದರಿಂದ ರಾಯಚೂರಿನ ವಾಚಕನಿಗೆ ತುಘಲಕನು ದೂರದ ಅರಸನಲ್ಲ. ಮನೆಯ ಹಳೆಯ ವ್ಯಾಜ್ಯವನ್ನು ಹೂಡಿಟ್ಟು ಹೋದ ಹಿರಿಯನಂಥವನು.

ಆ ಸುಲ್ತಾನನನ್ನು 1964ರಲ್ಲಿ ಕನ್ನಡ ರಂಗಭೂಮಿಯ ಮೇಲೆ ತಂದು ನಿಲ್ಲಿಸಿದವನು ಇಪ್ಪತ್ತಾರು ವರ್ಷದ ತರುಣ. ಅದೇ ಲೇಖಕರು ಅರ್ಧ ಶತಮಾನದ ನಂತರ, 2018ರಲ್ಲಿ, ತಮ್ಮ ಕೊನೆಯ ನಾಟಕ ‘ರಾಕ್ಷಸ ತಂಗಡಿ’ಗೆ ಆರಿಸಿಕೊಂಡ ವಸ್ತು 1565ರ ಯುದ್ಧ, ಎಂದರೆ ಅದೇ ವ್ಯಾಜ್ಯದ ಕಡೆಯ ತೀರ್ಪು. ಗಿರೀಶ ಕಾರ್ನಾಡರ ಕೀರ್ತಿಯ ದಿನಗಳನ್ನು ಎಲ್ಲರೂ ಬಲ್ಲರು. ಕೀರ್ತಿಗೆ ಮುಂಚಿನ ದಿನಗಳ ಕಥೆಯು ಅದಕ್ಕಿಂತ ಸ್ವಾರಸ್ಯವುಳ್ಳದ್ದು. ಏಕೆಂದರೆ ಆ ದಿನಗಳಲ್ಲಿ ಕಾರ್ನಾಡರು ಕನ್ನಡದ ನಾಟಕಕಾರರಾಗಬೇಕೆಂದು ಎಣಿಸಿಯೇ ಇರಲಿಲ್ಲ. ಅವರ ಮನಸ್ಸಿನಲ್ಲಿದ್ದುದು ಇಂಗ್ಲೆಂಡು, ಮತ್ತು ಇಂಗ್ಲಿಷ್ ಕವಿತೆ.

ಅವರು ಹುಟ್ಟಿದ್ದು 1938ರ ಮೇ 19ರಂದು, ಮಾಥೇರಾನದಲ್ಲಿ. ತಂದೆ ಡಾಕ್ಟರ್ ರಘುನಾಥ ಕಾರ್ನಾಡರು ಮುಂಬಯಿ ಸರಕಾರದ ವೈದ್ಯಕೀಯ ಸೇವೆಯಲ್ಲಿದ್ದವರು. ತಾಯಿ ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದವರು, ಒಬ್ಬ ಮಗನಿದ್ದನು. ನರ್ಸಿನ ತರಬೇತಿ ಪಡೆಯುತ್ತಿದ್ದಾಗ ಅವರಿಗೆ ಡಾಕ್ಟರರ ಪರಿಚಯವಾಯಿತು. ವಿಧವಾ ವಿವಾಹವನ್ನು ಸಮಾಜವು ಸಹಿಸದಿದ್ದ ಕಾಲವಾದುದರಿಂದ ಅವರು ಕೆಲವು ವರ್ಷ ಕಾಯಬೇಕಾಗಿ ಬಂದು, ಕೊನೆಗೆ ಆರ್ಯಸಮಾಜದ ವಿಧಿಯಂತೆ ಮದುವೆಯಾದರು. ಪುರಾಣದ ಕಥೆಗಳಲ್ಲಿ ಗಂಡಸರು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದಕ್ಕೆ ಹೆಣ್ಣು ಏನನ್ನುತ್ತಾಳೆ ಎಂಬ ಪ್ರಶ್ನೆಯು ಮುಂದೆ ಮಗನ ಮೊದಲನೆಯ ನಾಟಕದಲ್ಲಿಯೇ ಕಾಣಿಸಿಕೊಂಡಿತು. ಅದರ ಬೇರು ಎಲ್ಲಿದ್ದೀತೆಂದು ಹೆಚ್ಚು ಹುಡುಕಬೇಕಾಗಿಲ್ಲ.

ಬಾಲ್ಯವು ಕಳೆದದ್ದು ಶಿರಸಿಯಲ್ಲಿ. ಅಲ್ಲಿ ಹುಡುಗನ ಕಣ್ಣಿಗೆ ಎರಡು ರಂಗಭೂಮಿಗಳು ಬಿದ್ದುವು. ಊರೂರು ಸುತ್ತುವ ನಾಟಕ ಕಂಪನಿಗಳು ಬಂದಾಗ ತಂದೆಯವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು. ಬಣ್ಣದ ಪರದೆಗಳು, ಪೆಟ್ರೋಮ್ಯಾಕ್ಸ್ ದೀಪಗಳ ಭುಸುಗುಟ್ಟುವ ಬೆಳಕು, ಹಾಡಿಗೆ ‘ಒನ್ಸ್ ಮೋರ್’ ಎಂದು ಕೂಗುವ ಜನ: ಇಂಥ ರಾತ್ರಿಗಳನ್ನು ರಾಯಚೂರು, ಮಾನ್ವಿಗಳ ಹಿರಿಯರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಎರಡನೆಯದು ಯಕ್ಷಗಾನ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಆಟವಾಡುತ್ತಿದ್ದ ಆ ಮೇಳಗಳನ್ನು ನೋಡಲು ಹುಡುಗನು ಹೋಗುತ್ತಿದ್ದುದು ತಂದೆಯ ಸಂಗಡವಲ್ಲ, ಮನೆಯ ಆಳುಗಳ ಸಂಗಡ. ಒಂದು ಕಲೆಯು ಕುರ್ಚಿಯ ಮೇಲೆ ಕುಳಿತು ನೋಡತಕ್ಕದ್ದು, ಇನ್ನೊಂದು ನೆಲದ ಮೇಲೆ ಕುಳಿತು ದೀವಟಿಗೆಯ ಬೆಳಕಿನಲ್ಲಿ ನಿದ್ದೆಗೆಟ್ಟು ನೋಡತಕ್ಕದ್ದು. ಮಧ್ಯಮ ವರ್ಗದವರು ಕಲೆಗೂ ಪಂಕ್ತಿಭೇದ ಮಾಡಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕೆಲವೇ ವರ್ಷಗಳಲ್ಲಿ ಊರಿಗೆ ವಿದ್ಯುತ್ತು ಬಂದಿತು, ಸಿನಿಮಾ ಬಂದಿತು, ನಾಟಕ ಕಂಪನಿಗಳು ಸೊರಗಿದುವು. ಹುಡುಗನು ಬೆಳೆದು ಧಾರವಾಡದ ಬಾಸೆಲ್ ಮಿಶನ್ ಹೈಸ್ಕೂಲನ್ನು ಸೇರಿದನು. ಶಿರಸಿಯ ಪರದೆ, ದೀವಟಿಗೆಗಳು ಮುಗಿದುಹೋದ ವಿಷಯವೆಂದು ಅವನಿಗೆ ತೋರಿತ್ತು.

ಧಾರವಾಡದಲ್ಲಿ ಈ ಹುಡುಗನಿಗೊಂದು ವಿಚಿತ್ರ ಹವ್ಯಾಸ. ಪ್ರಸಿದ್ಧ ಪುರುಷರ ಭಾವಚಿತ್ರಗಳನ್ನು ಪೆನ್ಸಿಲಿನಿಂದ ಬರೆದು, ಅಂಚೆಯಲ್ಲಿ ಅವರಿಗೇ ಕಳುಹಿಸಿ, ಅದರ ಮೇಲೆ ಅವರ ಸಹಿ ತರಿಸಿಕೊಳ್ಳುವುದು. ಹೀಗೆ ಒಮ್ಮೆ ಒಂದು ಚಿತ್ರವು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಐರಿಷ್ ನಾಟಕಕಾರ ಶಾನ್ ಓಕೇಸಿಯ ಕೈಸೇರಿತು. ಆ ವೃದ್ಧನು ಸಹಿಯ ಜೊತೆಗೆ ಒಂದು ಬುದ್ಧಿವಾದವನ್ನೂ ಕಳುಹಿಸಿದನು: ಅನ್ಯರ ಹಸ್ತಾಕ್ಷರ ಕೂಡಿಸುತ್ತ ಹೊತ್ತು ಕಳೆಯಬೇಡ, ಮುಂದೊಂದು ದಿನ ಜನರು ನಿನ್ನ ಹಸ್ತಾಕ್ಷರವನ್ನು ಕೇಳುವಂಥ ಕೆಲಸವನ್ನೇನಾದರೂ ಮಾಡು ಎಂಬುದು ಅದರ ತಾತ್ಪರ್ಯ. ಹುಡುಗನು ಹವ್ಯಾಸವನ್ನು ಅಲ್ಲಿಗೇ ಬಿಟ್ಟನು. ಹಿರಿಯರ ಉಪದೇಶವು ಫಲಿಸಿದ ಅಪರೂಪದ ಸಂದರ್ಭಗಳಲ್ಲಿ ಇದೊಂದು.

ಮಾಡಬೇಕಾದ ಕೆಲಸವು ಪರದೇಶದಲ್ಲಿದೆಯೆಂದು ಅವರು ನಿಶ್ಚಯಿಸಿಕೊಂಡಿದ್ದರು. ಕರ್ನಾಟಕ ಕಾಲೇಜಿನಲ್ಲಿ ಸಾಹಿತ್ಯವನ್ನು ಬಿಟ್ಟು ಗಣಿತ ಮತ್ತು ಸಂಖ್ಯಾಶಾಸ್ತ್ರಗಳನ್ನು ಆರಿಸಿಕೊಂಡದ್ದೂ ಅದಕ್ಕೇ. ಸಾಹಿತ್ಯದಲ್ಲಿ ಅಂಕಗಳು ಗುರುಗಳ ಅಭಿರುಚಿಯಂತೆ ಏರಿಳಿಯುತ್ತವೆ; ಗಣಿತದಲ್ಲಿ ಉತ್ತರ ಸರಿಯಾದರೆ ಪೂರ್ಣ ಅಂಕ; ಅಂಕಗಳಿದ್ದರೆ ವಿದ್ಯಾರ್ಥಿವೇತನ; ವಿದ್ಯಾರ್ಥಿವೇತನವಿದ್ದರೆ ಹಡಗು. ಈ ಲೆಕ್ಕವು ತಪ್ಪಲಿಲ್ಲ. 1958ರಲ್ಲಿ ಬಿ.ಎ. ಮುಗಿಸಿ ಹೆಚ್ಚಿನ ಓದಿಗೆ ಮುಂಬಯಿಗೆ ಹೋದ ತರುಣನಿಗೆ ಆಕ್ಸ್‌ಫರ್ಡಿನ ರೋಡ್ಸ್ ವಿದ್ಯಾರ್ಥಿವೇತನವು ದೊರೆಯಿತು.

ಮುಂಬಯಿಯಲ್ಲಿ ಒಂದು ಸಂಜೆ ಅವರು ಇಬ್ರಾಹಿಂ ಅಲ್ಕಾಜಿಯವರು ನಿರ್ದೇಶಿಸಿದ ‘ಮಿಸ್ ಜೂಲಿ’ಯನ್ನು ನೋಡಿದರು. ಸ್ವೀಡನ್ನಿನ ಸ್ಟ್ರಿಂಡ್‌ಬರ್ಗನ ನಾಟಕ. ಒಡೆಯನ ಮಗಳು ಮತ್ತು ಮನೆಯ ಆಳು, ಇವರ ಒಂದು ರಾತ್ರಿಯ ಕಥೆ. ಮನುಷ್ಯರು ಮನುಷ್ಯರನ್ನು ಅಷ್ಟು ನಿಷ್ಕರುಣೆಯಿಂದ ಸೀಳಿ ನೋಡುವುದನ್ನು ಶಿರಸಿಯ ತರುಣನು ರಂಗದ ಮೇಲೆ ಕಂಡಿರಲಿಲ್ಲ. ಅದಕ್ಕಿಂತಲೂ ಬೆರಗು ಹುಟ್ಟಿಸಿದ್ದು ಬೆಳಕು. ರಂಗದ ಮೇಲಿನ ಬೆಳಕು ಮೆಲ್ಲಮೆಲ್ಲನೆ ಏರುತ್ತಿತ್ತು, ಮೆಲ್ಲಮೆಲ್ಲನೆ ಆರುತ್ತಿತ್ತು. ಅಲ್ಲಿಯವರೆಗೆ ಅವರು ಕಂಡಿದ್ದುದು ಹಚ್ಚಿದರೆ ಉರಿಯುವ, ಕಡೆಯವರೆಗೂ ಒಂದೇ ಸಮನೆ ಉರಿಯುವ ದೀಪಗಳನ್ನು. ಬೆಳಕು ಕೂಡ ಮಾತನಾಡಬಲ್ಲದೆಂದು ಆ ಸಂಜೆ ತಿಳಿಯಿತು.

ಹೊರಡುವ ದಿನ ಹತ್ತಿರವಾದಂತೆ ಮನೆಯಲ್ಲಿ ಗದ್ದಲ. 1960ರಲ್ಲಿ ಇಂಗ್ಲೆಂಡಿಗೆ ಹೋಗುವುದೆಂದರೆ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಹೋದವನು ಮೂರು ವರ್ಷ ಕಣ್ಣಿಗೆ ಬೀಳನು. ಮಗನು ಮರಳಿ ಬಂದಾನೇ? ಅಲ್ಲಿಯೇ ಮದುವೆಯಾಗಿ ನಿಂತುಬಿಟ್ಟರೆ? ತಾಯಿತಂದೆಗಳ ಈ ಕಳವಳವು ಅಕ್ಕರೆಯಿಂದ ಹುಟ್ಟಿದ್ದೇ ಸರಿ. ಆದರೆ ಅಕ್ಕರೆಯೂ ಒಂದು ಹಗ್ಗ. ಹೊರಟವನ ಕಾಲಿಗೆ ಅದು ತೊಡಕಾಗದೆ ಇರದು. ಮಗನ ಮನಸ್ಸಿನಲ್ಲಿ ಒಂದು ಸಿಟ್ಟು ಕುದಿಯುತ್ತಿತ್ತು: ಇವರೆಲ್ಲರಿಗಾಗಿ ತನ್ನ ಮುಂದಿನ ಬಾಳನ್ನು ತ್ಯಾಗ ಮಾಡಬೇಕೇ? ಆ ಸಿಟ್ಟು ಇಂಗ್ಲಿಷ್ ಕವಿತೆಯಾಗಿ ಹೊಮ್ಮಬೇಕಾಗಿತ್ತು. ಆದರೆ ಲೇಖನಿ ಹಿಡಿದಾಗ ಬಂದದ್ದು ಕವಿತೆಯಲ್ಲ, ನಾಟಕ, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ, ವಸ್ತುವು ಇಂದಿನದಲ್ಲ, ಮಹಾಭಾರತದ ಯಯಾತಿಯ ಕಥೆ. ಬರೆಯುತ್ತಿದ್ದವರಿಗೇ ಆಶ್ಚರ್ಯವಾಯಿತು. ಓಡಿಹೋಗಲು ಸಿದ್ಧನಾಗಿ ನಿಂತವನನ್ನು ಪುರಾಣವು ಹಿಂದಿನಿಂದ ಬಂದು ಅಂಗಿಯ ತುದಿ ಹಿಡಿದು ನಿಲ್ಲಿಸಿತ್ತು.

ಯಯಾತಿಯ ಕಥೆಯನ್ನು ಅರಿಯದವರು ವಿರಳ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಡರಿದ ಅರಸನು ತನ್ನ ಮುಪ್ಪನ್ನು ಯಾರಾದರೂ ಪಡೆದು ಯೌವನವನ್ನು ಕೊಡುವಿರಾ ಎಂದು ಕೇಳುತ್ತಾನೆ. ಮಗ ಪುರುವು ಒಪ್ಪುತ್ತಾನೆ. ಹರಿಕಥೆಯ ದಾಸರು ಇಲ್ಲಿಗೆ ಬಂದಾಗ ಪಿತೃಭಕ್ತಿಯನ್ನು ಕೊಂಡಾಡುವುದು ಪದ್ಧತಿ. ಇಪ್ಪತ್ತೆರಡು ವರ್ಷದ ಕಾರ್ನಾಡರು ಅಲ್ಲಿ ಒಂದು ಬಾಗಿಲನ್ನು ತೆರೆದರು. ಪುರುವಿಗೆ ಆಗತಾನೆ ಮದುವೆಯಾಗಿದೆ. ಹೆಂಡತಿ ಚಿತ್ರಲೇಖೆಯು ಪ್ರಸ್ತದ ಕೋಣೆಗೆ ಬಂದಾಗ ಅವಳೆದುರಿಗೆ ನಿಂತಿರುವವನು ಹಣ್ಣುಹಣ್ಣು ಮುದುಕ. ಮಹಾಭಾರತವು ಹೇಳದ ಈ ಹೆಣ್ಣು ನಾಟಕಕಾರರ ಸೃಷ್ಟಿ. ತ್ಯಾಗ ಮಾಡಿದವನು ಗಂಡ, ಸುಖ ಪಡೆದವನು ಮಾವ; ಅವಳನ್ನು ಯಾರೂ ಕೇಳಲಿಲ್ಲ. ಅವಳು ಮಾವನನ್ನು ಕೇಳುವ ಪ್ರಶ್ನೆಗೆ ಆ ಅರಮನೆಯಲ್ಲಿ ಉತ್ತರವಿಲ್ಲ. ತನ್ನ ಗಂಡನ ಯೌವನವು ಈಗ ಅವನಲ್ಲಿದೆಯಲ್ಲವೇ, ಹಾಗಾದರೆ ತನ್ನ ಬಾಳಿಗೂ ಅವನೇ ಉತ್ತರವಾದಿಯಲ್ಲವೇ? ಅವಳು ವಿಷ ಕುಡಿದು ಸಾಯುತ್ತಾಳೆ. ಆಗ ಯಯಾತಿಗೆ ಕಣ್ಣು ತೆರೆಯುತ್ತದೆ. ಮುಪ್ಪನ್ನು ಹಿಂದಕ್ಕೆ ಪಡೆಯುತ್ತಾನೆ. ನಾಟಕದಲ್ಲಿ ಹರೆಯದ ಅತಿಮಾತು ಇಲ್ಲದಿಲ್ಲ. ಫ್ರಾನ್ಸಿನ ಅನುಯಿ, ಸಾರ್ತ್ರರನ್ನು ಓದಿದ ಗುರುತುಗಳು ಅಲ್ಲಲ್ಲಿ ಎದ್ದು ಕಾಣುತ್ತವೆ. ಆದರೆ ಚಿತ್ರಲೇಖೆಯ ಪ್ರಶ್ನೆಯು ಓದಿನಿಂದ ಬಂದದ್ದಲ್ಲ.

ಹಸ್ತಪ್ರತಿಯು ಸೇರಿದ ಸ್ಥಳ ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಆರಂಭವಾದ ಆ ಪ್ರಕಾಶನದ ‘ಅಟ್ಟ’ವನ್ನು ಹತ್ತದ ಸಾಹಿತಿ ಆ ಊರಿನಲ್ಲಿ ವಿರಳ. ಅದರ ಯಜಮಾನರಾದ ಜಿ. ಬಿ. ಜೋಶಿಯವರು ‘ಜಡಭರತ’ನೆಂಬ ಹೆಸರಿನಲ್ಲಿ ತಾವೂ ನಾಟಕ ಬರೆಯುತ್ತಿದ್ದರು, ಅವರ ಬಲಗೈ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು. 1961ರಲ್ಲಿ, ಲೇಖಕರು ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದುತ್ತಿದ್ದಾಗ, ‘ಯಯಾತಿ’ಯು ಧಾರವಾಡದಲ್ಲಿ ಅಚ್ಚಾಯಿತು.

ಆ ವರ್ಷಗಳ ಇಂಗ್ಲೆಂಡು ನಾಟಕಕಾರರಿಗೆ ಒಳ್ಳೆಯ ಕಾಲ. 1956ರಲ್ಲಿ ಜಾನ್ ಆಸ್ಬರ್ನನ ‘ಲುಕ್ ಬ್ಯಾಕ್ ಇನ್ ಆ್ಯಂಗರ್’ ಲಂಡನ್ನಿನ ರಂಗಭೂಮಿಯನ್ನು ಬಡಿದೆಬ್ಬಿಸಿತ್ತು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರಾಬರ್ಟ್ ಬೋಲ್ಟನು ಒಂದು ನಾಟಕ ಗೆದ್ದೊಡನೆ ಮೇಷ್ಟ್ರಗಿರಿಯನ್ನು ಬಿಟ್ಟು, 1960ರಲ್ಲಿ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ನಾಟಕದಿಂದ ಹೆಸರಾಗಿ, 1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರಕ್ಕೆ ಲೇಖನಿ ಹಿಡಿದನು. ಮರುವರ್ಷವೇ ಆಸ್ಬರ್ನನೂ ‘ಟಾಮ್ ಜೋನ್ಸ್’ ಚಿತ್ರಕ್ಕೆ ಚಿತ್ರಕಥೆ ಬರೆದನು. ರಂಗದಿಂದ ಬೆಳ್ಳಿತೆರೆಗೆ ಕಾಲಿಡುವುದು ಅಲ್ಲಿ ರೂಢಿಯ ದಾರಿಯಾಗುತ್ತಿತ್ತು. ಕಾರ್ನಾಡರಿಗೂ ಅಲ್ಲಿ ಹೆಸರು ಬಂದಿತು; ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿ ಆರಿಸಿಬಂದರು. ಅಲ್ಲಿಯೇ ನೆಲೆಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. 1963ರಲ್ಲಿ ಅವರು ಹಿಂದಿರುಗಿ, ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗಕ್ಕೆ ಸೇರಿದರು. ಬಗಲಿನಲ್ಲಿ ಇನ್ನೊಂದು ನಾಟಕದ ಯೋಚನೆಯಿತ್ತು.

ಅದಕ್ಕೆ ಕಿಡಿ ಹಚ್ಚಿದವರು ಕುರ್ತಕೋಟಿಯವರು. ಪಶ್ಚಿಮದಲ್ಲಿ ಬರ್ನಾರ್ಡ್ ಷಾ ಮೊದಲಾದವರು ಬರೆದಂಥ ಐತಿಹಾಸಿಕ ನಾಟಕವು ಕನ್ನಡದಲ್ಲಿಲ್ಲವೆಂದು ಅವರು ಆಕ್ಷೇಪಿಸಿದ್ದರು. ವಿಮರ್ಶಕರ ಕೊರಗನ್ನು ಓದಿ ಲೇಖಕರು ಸಾಮಾನ್ಯವಾಗಿ ಮುನಿಯುವುದುಂಟು. ಕಾರ್ನಾಡರು ಭಾರತದ ಇತಿಹಾಸದ ಪುಸ್ತಕವನ್ನು ಮೊದಲಿನಿಂದ ಓದತೊಡಗಿದರು. ಅಶೋಕ, ಹರ್ಷ ಎಲ್ಲರೂ ದಾಟಿಹೋದರು. ತುಘಲಕನ ಪುಟಕ್ಕೆ ಬಂದಾಗ ಕಣ್ಣು ನಿಂತಿತು. ದಿಲ್ಲಿಯ ಸಿಂಹಾಸನವೇರಿದವರಲ್ಲಿ ಅವನಷ್ಟು ಓದಿದವರು ಅಪರೂಪ. ಅವನಷ್ಟು ಸೋತವರೂ ಅಪರೂಪ. ನಾಣ್ಯಕ್ಕೆ ಬೆಳ್ಳಿಯ ಬದಲು ತಾಮ್ರ, ದಿಲ್ಲಿಯ ಬದಲು ದೌಲತಾಬಾದು. ಒಳ್ಳೆಯ ಆಲೋಚನೆಗಳೆಲ್ಲ ಹೆಣಗಳಾಗಿ ಮುಗಿದುವು. ನಾಟಕವು ಪ್ರಕಟವಾದ 1964, ನೆಹರೂ ಅವರು ತೀರಿಕೊಂಡ ವರ್ಷ. ಸ್ವಾತಂತ್ರ್ಯವು ತಂದ ಆಸೆಗಳು ಬಾಡುತ್ತಿದ್ದ ಆ ಕಾಲದ ಜನರು ಹದಿನಾಲ್ಕನೆಯ ಶತಮಾನದ ಸುಲ್ತಾನನ ಮುಖದಲ್ಲಿ ತಮ್ಮ ಕಾಲವನ್ನೇ ಕಂಡರು.

‘ತುಘಲಕ್’ ನಾಟಕದ ಒಳಗುಟ್ಟು ಮಾತ್ರ ದಿಲ್ಲಿಯಲ್ಲಿಲ್ಲ, ಆಕ್ಸ್‌ಫರ್ಡಿನಲ್ಲಿಯೂ ಇಲ್ಲ. ಶಿರಸಿಯ ಪೆಟ್ರೋಮ್ಯಾಕ್ಸ್ ದೀಪದ ಕೆಳಗಿದೆ. ಕಂಪನಿ ನಾಟಕಗಳಲ್ಲಿ ಎರಡು ಬಗೆಯ ದೃಶ್ಯಗಳಿರುತ್ತಿದ್ದುವು. ರಂಗದ ಪೂರ್ಣ ಆಳವನ್ನು ಬಳಸಿಕೊಂಡು ಅರಮನೆ, ಉದ್ಯಾನಗಳನ್ನು ತೋರಿಸುವುದು ‘ಡೀಪ್ ಸೀನು’. ಅದರ ಸಾಮಾನುಗಳನ್ನು ಹಿಂದೆ ಬದಲಾಯಿಸುತ್ತಿರುವಾಗ ಮುಂದುಗಡೆ ಬೀದಿಯ ಚಿತ್ರವುಳ್ಳ ಪರದೆಯೊಂದನ್ನು ಇಳಿಬಿಟ್ಟು, ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯಗಾರರನ್ನು ಬಿಡುತ್ತಿದ್ದರು. ರಾಜನು ಹಿಂದೆ, ವಿದೂಷಕನು ಮುಂದೆ, ಇಬ್ಬರೂ ಬೆರೆಯುವಂತಿಲ್ಲ. ಕಾರ್ನಾಡರು ಈ ಕಟ್ಟಳೆಯನ್ನೇ ಎತ್ತಿಕೊಂಡು ನಾಟಕವನ್ನು ಕಟ್ಟತೊಡಗಿದರು. ಅರಮನೆಗೆ ಸುಲ್ತಾನ, ಬೀದಿಯ ಪರದೆಗೆ ಅಜೀಜನೆಂಬ ಅಗಸ ಮತ್ತು ಆಜಮನೆಂಬ ಕಳ್ಳ. ಅಜೀಜನು ಬ್ರಾಹ್ಮಣನ ವೇಷ ತೊಟ್ಟು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುವಾತ. ಖೋಟಾ ನಾಣ್ಯ ಹೊಡೆಯುವಾತ. ಸುಲ್ತಾನನ ಒಂದೊಂದು ಸುಧಾರಣೆಯಲ್ಲಿಯೂ ತನಗೊಂದು ಕಸುಬನ್ನು ಹುಡುಕಿಕೊಳ್ಳುವಾತ. ಹೊತ್ತು ಕಳೆಯಲೆಂದು ಇಟ್ಟ ಈ ದೃಶ್ಯಗಳು ಬರೆಯುತ್ತ ಬರೆಯುತ್ತ ಉಬ್ಬತೊಡಗಿದುವು. ಹಾಸ್ಯಗಾರನು ಕೈಮೀರಿದನು. ಕೊನೆಯಲ್ಲಿ ಅವನು ಪರದೆಯನ್ನು ದಾಟಿ, ಖಲೀಫನ ವಂಶದವನೆಂದು ವೇಷ ಹಾಕಿಕೊಂಡು, ನೇರವಾಗಿ ಡೀಪ್ ಸೀನಿನೊಳಕ್ಕೆ, ಸುಲ್ತಾನನ ಎದುರಿಗೇ ಬಂದು ನಿಲ್ಲುತ್ತಾನೆ. ಗುಟ್ಟು ರಟ್ಟಾದಾಗ ಸುಲ್ತಾನನು ಅವನನ್ನು ಕೊಲ್ಲಿಸುವುದಿಲ್ಲ, ಹುದ್ದೆಯೊಂದನ್ನು ಕೊಡುತ್ತಾನೆ. ಪ್ರಜಾಪ್ರಭುತ್ವದಲ್ಲಿ ಬೀದಿಯ ಪರದೆಗೂ ಅರಮನೆಗೂ ನಡುವಿನ ಗೋಡೆ ಎಷ್ಟು ತೆಳುವೆಂಬುದನ್ನು ನಾಟಕದ ಕಟ್ಟಡವೇ ಹೇಳಿಬಿಟ್ಟಿತು. ಯಾವ ಪಾತ್ರವೂ ಭಾಷಣ ಮಾಡಬೇಕಾಗಲಿಲ್ಲ. ರಾಯಚೂರಿನ ಮುದುಕರೊಬ್ಬರು ಈ ನಾಟಕವನ್ನು ನೋಡಿದರೆ, ಪುಸ್ತಕ ಓದಿದ ಪಂಡಿತರಿಗಿಂತ ಬೇಗ ಈ ತಂತ್ರವನ್ನು ಗುರುತಿಸುವರು.

ನಾಟಕವು ಕನ್ನಡವನ್ನು ದಾಟಿ ಹೊರಟಿತು. ಬಿ. ವಿ. ಕಾರಂತರ ಅನುವಾದದಲ್ಲಿ 1966ರಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓಂ ಶಿವಪುರಿಯವರು ಅದನ್ನು ಆಡಿಸಿದರು. 1970ರಲ್ಲಿ ಮುಂಬಯಿಯಲ್ಲಿ ಅಲೆಕ್ ಪದಮ್‌ಸೀ ಇಂಗ್ಲಿಷಿನಲ್ಲಿ ಆಡಿಸಿದರು. ಆ ಅನುವಾದ ಕಾರ್ನಾಡರದೇ. ಇಂಗ್ಲಿಷ್ ಕವಿಯಾಗಬೇಕೆಂದಿದ್ದವರು ಇಂಗ್ಲಿಷಿಗೆ ಬಂದದ್ದು ಹೀಗೆ, ಕನ್ನಡದ ಬಾಗಿಲಿನಿಂದ.

ಮದರಾಸಿನ ಏಳು ವರ್ಷಗಳಲ್ಲಿ ಹಗಲು ಕಚೇರಿ; ಸಂಜೆ ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ತಂಡದ ಇಂಗ್ಲಿಷ್ ನಾಟಕಗಳು. ಸಂಬಳ ಕ್ರಮವಾಗಿ ಬರುತ್ತಿತ್ತು. ಮಧ್ಯಮ ವರ್ಗದ ಮನೆಯಲ್ಲಿ ಮಗನು ಇಂಥ ನೌಕರಿಯಲ್ಲಿದ್ದರೆ ಹೆತ್ತವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಈ ನೆಮ್ಮದಿಯನ್ನು ಕಲಕಿದ್ದು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’. ಇಂಗ್ಲೆಂಡಿನಲ್ಲಿದ್ದಾಗ ಬರೆದು, 1965ರಲ್ಲಿ ಅದೇ ಮನೋಹರ ಗ್ರಂಥಮಾಲೆಯಿಂದ ಹೊರಬಂದ ಕಾದಂಬರಿ. ಅಗ್ರಹಾರದಲ್ಲಿ ಕಟ್ಟಳೆ ಮುರಿದ ನಾರಣಪ್ಪನು ಸತ್ತಿದ್ದಾನೆ. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಪ್ರಶ್ನೆಗೆ ಪ್ರಾಣೇಶಾಚಾರ್ಯರ ಶಾಸ್ತ್ರಗಳಲ್ಲಿ ಉತ್ತರ ಸಿಕ್ಕುವುದಿಲ್ಲ. ಕಥೆಯ ಬಹುಭಾಗವು ಆಚಾರ್ಯರ ತಲೆಯೊಳಗೆ ನಡೆಯುವಂಥದು. ಕ್ಯಾಮೆರಾ ತಲೆಯೊಳಕ್ಕೆ ಹೋಗಲಾರದು. ಚಿತ್ರಕಥೆ ಬರೆದ ಕಾರ್ನಾಡರು ಮಾತನ್ನು ಕಡಿಮೆ ಮಾಡಿ, ಆ ತಳಮಳವನ್ನು ಓಣಿ, ಹೊಳೆ, ಮುಖಗಳಲ್ಲಿ ಕಾಣುವಂತೆ ಮಾಡಬೇಕಾಯಿತು. ಆಚಾರ್ಯರ ಪಾತ್ರವನ್ನೂ ಅವರೇ ವಹಿಸಿದರು. ನಿರ್ದೇಶಕರು ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿ; ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ; ನಾರಣಪ್ಪನಾಗಿ ಪಿ. ಲಂಕೇಶ್, ಛಾಯಾಗ್ರಾಹಕ ಆಸ್ಟ್ರೇಲಿಯದ ಟಾಮ್ ಕೋವನ್. ಹಾಡು, ಕುಣಿತಗಳಿಲ್ಲದ ಕನ್ನಡ ಚಿತ್ರ.

ಮದರಾಸಿನ ಸೆನ್ಸಾರ್ ಮಂಡಲಿಯು ಚಿತ್ರವನ್ನು ತಡೆಹಿಡಿಯಿತು. ಒಂದು ಸಮಾಜದ ಮನಸ್ಸಿಗೆ ನೋವಾದೀತೆಂಬ ಅಂಜಿಕೆ. ಕೇಂದ್ರ ಸರಕಾರದವರೆಗೂ ಹೋಗಿ ಆ ನಿಷೇಧವನ್ನು ತೆಗೆಸಬೇಕಾಯಿತು. ಯಾವ ಚಿತ್ರವನ್ನು ಜನರು ನೋಡಬಾರದೆಂದು ತೀರ್ಮಾನವಾಗಿತ್ತೋ ಅದೇ ಚಿತ್ರಕ್ಕೆ 1970ರ ರಾಷ್ಟ್ರಪತಿಯ ಸ್ವರ್ಣಪದಕವು ಬಂದಿತು. ಕನ್ನಡಕ್ಕೆ ಅದು ಮೊದಲನೆಯದು.

ಆ ವರ್ಷವೇ ಕಾರ್ನಾಡರು ನೌಕರಿಗೆ ರಾಜೀನಾಮೆ ಕೊಟ್ಟರು. ಭಾಭಾ ಫೆಲೋಶಿಪ್ಪಿನ ಆಸರೆಯಲ್ಲಿ ‘ಹಯವದನ’ವನ್ನು ಬರೆದರು. ಅದರಲ್ಲಿ ಭಾಗವತನು, ಮುಖವಾಡಗಳು, ಅಡ್ಡಪರದೆ, ಎಲ್ಲವೂ ಹಿಂದಿರುಗಿದುವು. ಆಳುಗಳ ಸಂಗಡ ಕುಳಿತು ನೋಡಿದ ಬಯಲಾಟವು ಈಗ ಕುರ್ಚಿಯವರ ಎದುರಿಗೆ ಬಂದಿತು. 1971ರಲ್ಲಿ ಬಿ. ವಿ. ಕಾರಂತರೊಡನೆ ಭೈರಪ್ಪನವರ ‘ವಂಶವೃಕ್ಷ’ವನ್ನು ನಿರ್ದೇಶಿಸಿದರು, ಇಬ್ಬರಿಗೂ ಒಟ್ಟಿಗೆ ರಾಷ್ಟ್ರಪ್ರಶಸ್ತಿ. 1973ರಲ್ಲಿ ‘ಕಾಡು’.

ಅದೇ 1973ರಲ್ಲಿ ಧಾರವಾಡದ ಮನೆಯಲ್ಲಿ ಒಂದು ಮಧ್ಯಾಹ್ನ ಊಟದ ಹೊತ್ತು. ಮಗನಿಗೆ ಮೂವತ್ತೈದು ವರ್ಷ. ಹೆಸರು ದೇಶವನ್ನೆಲ್ಲ ಸುತ್ತಿದೆ. ಹೆಮ್ಮೆಯಿಂದ ಮಗನನ್ನು ನೋಡುತ್ತಿದ್ದ ಕೃಷ್ಣಾಬಾಯಿಯವರು ಪತಿಯ ಕಡೆಗೆ ತಿರುಗಿ, ಇವನು ಬೇಡವೆಂದು ನಾವು ಎಣಿಸಿದ್ದೆವಲ್ಲ ಎಂದುಬಿಟ್ಟರು. ತಂದೆಯವರು ಕೆಂಪಾದರು, ಆ ವಿಚಾರ ನಿನ್ನದು, ನನ್ನದಲ್ಲ ಎಂದು ಗೊಣಗಿ ಎದ್ದುಹೋದರು. ಮಗನು ಬಿಡದೆ ಕೇಳಿದ ಮೇಲೆ ತಾಯಿಯವರು ಸಂಗತಿಯನ್ನು ಹೇಳಿದರು. ಮಕ್ಕಳು ಸಾಕೆನ್ನಿಸಿತ್ತು; ಗರ್ಭವನ್ನು ತೆಗೆಸಲೆಂದು ಪುಣೆಯಲ್ಲಿ ಡಾಕ್ಟರ್ ಮಧುಮಾಲತಿ ಗುಣೆಯವರ ದವಾಖಾನೆಗೆ ಹೋಗಿದ್ದರು. ಡಾಕ್ಟರರು ಅಲ್ಲಿರಲಿಲ್ಲ. ಒಂದು ತಾಸು ಕಾಯ್ದರು, ಎದ್ದು ಬಂದರು, ಮತ್ತೆ ಹೋಗಲಿಲ್ಲ.

2011ರಲ್ಲಿ ಪ್ರಕಟವಾದ ‘ಆಡಾಡತ ಆಯುಷ್ಯ’ವನ್ನು ಕಾರ್ನಾಡರು ಅರ್ಪಿಸಿರುವುದು ಆ ದಿನ ದವಾಖಾನೆಗೆ ಬಾರದ ಡಾಕ್ಟರ್ ಮಧುಮಾಲತಿ ಗುಣೆಯವರಿಗೆ.